ಕುರಿ ಹೊತ್ತ ಉಪ್ಪು

ಹುಮ್ಲಾದ ಈ ಕಡಿದಾದ ಓಣಿಗಳಲ್ಲಿ
ನನ್ನ ಹೆಸರಿಗಿಂತ ನನ್ನ ಚೀಲ ಹೆಚ್ಚು ಪರಿಚಿತ.
ಕೆಂಪು ಗುಳಿಗೆಯ ಮೂತಿ ಕತ್ತರಿಸಿ
ಮಕ್ಕಳ ನಾಲಿಗೆಗೆ ಹಿಂಡುತ್ತೇನೆ,
ಎಣ್ಣೆಯ ವಾಸನೆಗೆ ಮುಖ ಕಿವಿಚಿ ಓಡುತ್ತವೆ.
ಹೋದ ವರ್ಷ ಮುಸ್ಸಂಜೆಗೆಲ್ಲ
ಗೋಡೆ ತಡವುತ್ತಿದ್ದ ಜಸಿನಾಳ ಮಗಳು
ಈಗ ಕತ್ತಲಲ್ಲೇ ಕರು ಕಟ್ಟಿ ಬರುತ್ತಾಳೆ.
ಬಸುರಿಯರಿಗೆ ಕಬ್ಬಿಣದ ಮಾತ್ರೆ.
"ಕಬ್ಬಿಣ ತಿನ್ನೋಕೆ ನಾನೇನು ಕಮ್ಮಾರನ ಕುಲುಮೆಯೇ?"
ಎಂದು ನಕ್ಕವಳೇ
ಕೊಡ ಹೊತ್ತು ಏರು ಹತ್ತುವಾಗ
ಮೊದಲಿನಂತೆ ಮೂರು ಕಡೆ ಕೂರುವುದಿಲ್ಲ.

ಇವತ್ತು ಬಂದದ್ದು ಉಪ್ಪು ನೋಡಲು.

ಧನಕೋಲಿ ಅಜ್ಜಿಯ ಕತ್ತಿನಲ್ಲಿ
ಪಾರಿವಾಳ ಕೂತಂತೆ ಗಳಗಂಡ.
ಆಕೆ ಚಹಾ ನುಂಗಿದರೆ
ಅದೂ ಒಮ್ಮೆ ಎದ್ದು ಕೂರುತ್ತದೆ.
ಅದರ ಮೇಲೆ ಹವಳದ ಸರ.
"ಯಾವುದೋ ದೊಡ್ಡ ನೀರಿನದಂತೆ,
ನಮ್ಮಪ್ಪ ತಕ್ಲಾಕೋಟಿನಲ್ಲಿ ಕೊಂಡದ್ದು,"
ಬೆರಳಲ್ಲಿ ಹೊರಳಿಸುತ್ತಾಳೆ.

ಮೊಮ್ಮಗಳು ಬಿರ್ಮಾಗೆ ಐದು ತಿಂಗಳು.
ಎರಡು ತಟ್ಟೆ ತಂದಿಟ್ಟಳು.
ಒಂದರಲ್ಲಿ ಪೊಟ್ಟಣದ ಪುಡಿಯುಪ್ಪು,
ಇನ್ನೊಂದರಲ್ಲಿ ಬೂದುಗೆಂಪು ಹರಳು:
ಟಿಬೆಟ್ಟಿನ ಕೆರೆಯಿಂದ, ಕುರಿಗಳ ಬೆನ್ನಿನ ಜೋಳಿಗೆಯಲ್ಲಿ,
ಕಣಿವೆ ದಾಟಿ ಬಂದದ್ದು.
"ನಡೆದು ಬಂದ ಉಪ್ಪಿಗೆ ರುಚಿ ಜಾಸ್ತಿ,
ನಿನ್ನದು ವಿಮಾನದಲ್ಲಿ ಕೂತು ಬಂದ ಸೋಮಾರಿ,"
ಎಂದಳು ಅಜ್ಜಿ.

ಸೀಸೆಯಿಂದ ಒಂದೊಂದೇ ಹನಿ ಬಿಟ್ಟೆ.
ಸೋಮಾರಿ ಉಪ್ಪು ಕಣ್ಣೆದುರೇ ನೇರಳೆಯಾಯಿತು.
ಹರಳು ಒದ್ದೆಯಾಯಿತು, ಅಷ್ಟೇ.

ತರಬೇತಿಯಲ್ಲಿ ಕಲಿತದ್ದು ಒಪ್ಪಿಸಿದೆ.
ಹಿಮ ನಮ್ಮ ಮಣ್ಣನ್ನು ತೊಳೆದು ತೊಳೆದು
ಅದರಲ್ಲಿದ್ದ ಅಯೋಡಿನ್ನನ್ನು ಹೊಳೆಗೆ ಕೊಟ್ಟಿತು,
ಹೊಳೆ ಕೆಳಗೆ, ಇನ್ನೂ ಕೆಳಗೆ,
ನಾವು ಯಾರೂ ಕಾಣದ ಕಡಲಿಗೆ.
ಇಡೀ ಬದುಕಿಗೆ ಬೇಕಾದದ್ದು ಒಂದು ಚಮಚವೂ ಇಲ್ಲ,
ಆದರೆ ದಿನದಿನವೂ ಬೇಕು, ಸಾಸಿವೆಯ ನೆರಳಿನಷ್ಟು.
ಸಿಗದಿದ್ದರೆ ಗಂಟಲು ಹುಡುಕಿ ಹುಡುಕಿ
ಹೀಗೆ ದೊಡ್ಡದಾಗುತ್ತದೆ.
ಬಸುರಲ್ಲಿ ಸಿಗದಿದ್ದರೆ...

ಅಲ್ಲಿಗೆ ನನ್ನ ಬಾಯಿ ನಿಂತಿತು.
ಅಂಗಳದಲ್ಲಿ ಆಕೆಯ ಮಗ
ಉಣ್ಣೆ ಬಿಡಿಸುತ್ತ ಕೂತಿದ್ದ.
ಐವತ್ತು ದಾಟಿದೆ, ಎತ್ತರ ಎಂಟು ವರ್ಷದವನದು.
ಮಾತಿಲ್ಲ, ಕಿವಿಯಿಲ್ಲ.
ಲಾಟೊ ಎನ್ನುತ್ತಾರೆ.
ಇಟ್ಟ ಹೆಸರು ಕರಬೀರ,
ಅವನಿಗೇ ಕೇಳಿಸಿದ್ದಿಲ್ಲ.

ಹುಟ್ಟಿದ ವರ್ಷ ದೇವರು ಮೈಮೇಲೆ ಬಂದವನು ಹೇಳಿದ್ದ,
ತಾಯಿಯ ಪಾಪ ಎಂದು.
ಅತ್ತೆ ಅಂದಿದ್ದಳು, ಬಾವಿಕಟ್ಟೆಯೂ ಅಂದಿತ್ತು:
ಉಪ್ಪು ತಿಂದವಳು ನೀರು ಕುಡಿಯಲೇಬೇಕು.
ಊರೆಲ್ಲ ತಿಂದದ್ದೂ ಅದೇ ಉಪ್ಪು.

ಅಜ್ಜಿ ಒದ್ದೆ ಹರಳನ್ನು ಬಹಳ ಹೊತ್ತು ನೋಡಿದಳು.
"ಈ ಸೀಸೆಗೆ ಎಷ್ಟು?"
ಹೇಳಿದೆ.
"ಅವತ್ತು ಎರಡು ಕುರಿ ಕಡಿಸಿದೆವು,
ಒಂದು ಗಬ್ಬದ ಕುರಿ."
ಮತ್ತೆ, ಬೆನ್ನು ತಿರುಗಿಸಿ ಒಲೆಗೆ ಪುಳ್ಳೆ ಒಟ್ಟುತ್ತ,
"ಐವತ್ತು ವರ್ಷ ಎಲ್ಲಿ ಹೋಗಿತ್ತೇ
ನಿನ್ನ ಈ ಹನಿ?"

ನಾನಾಗ ಹುಟ್ಟಿರಲಿಲ್ಲ ಎನ್ನಬಹುದಿತ್ತು.
ಸೀಸೆಯ ಮುಚ್ಚಳ ತಿರುಗಿಸುತ್ತ ಕೂತೆ,
ಅದು ಆಗಲೇ ಮುಚ್ಚಿತ್ತು.

ಮುಂದಿನ ತಿಂಗಳು ಹೋದಾಗ
ಒಲೆಯ ಬಳಿ ಪೊಟ್ಟಣದ ಉಪ್ಪಿಗೆ ಮುಚ್ಚಳದ ಡಬ್ಬಿ.
ಸಾರು ಇಳಿಸಿದ ಮೇಲೇ ಹಾಕು, ಬೆಂದರೆ ಹಾರಿಹೋಗುತ್ತದೆ ಎಂದು
ಬಿರ್ಮಾಗೆ ಬೈಯುತ್ತಿದ್ದವಳು ಅಜ್ಜಿಯೇ.
ಸೆರಗಿನ ತುದಿಯಲ್ಲಿ ಮಾತ್ರ ಹಳೆಯ ಹರಳಿನ ಗಂಟು.
ಕೇಳಿದ್ದಕ್ಕೆ, "ರುಚಿಗೆ," ಎಂದಳು.
ಪಾರಿವಾಳ ಇನ್ನು ಹಾರುವುದಿಲ್ಲ, ಆಕೆಗೆ ಗೊತ್ತು.

ಕರಬೀರ ನನ್ನ ಚೀಲ ಜಗ್ಗಿದ.
ತಟ್ಟೆ ತಂದ, ಉಪ್ಪು ಸುರಿದ, ಬೆರಳು ತೋರಿಸಿದ.
ಒಂದು ಹನಿ ಬಿಟ್ಟೆ.
ನೇರಳೆ ಅರಳಿತು.
ಇನ್ನೊಂದು ಎಂದ ಬೆರಳಿನಲ್ಲಿ.
ಲೆಕ್ಕದ ಹನಿಗಳು, ಇನ್ನೂ ಹನ್ನೊಂದು ಮನೆ ಬಾಕಿ.
ಬಿಟ್ಟೆ.